ಮಗಳಿಗೆ ಚಿಕ್ಕ ಲ್ಯೂಟ್ ಬೇಕಂತೆ: ಕೈಯಲ್ಲಿ ಮಾಡಿಸಲೋ, ಅಂಗಡಿಯದ್ದೇ ಸಾಕೋ?

ಆಗ್ಸ್‌ಬುರ್ಗಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ವೀಣೆ, ಸಿತಾರ್ ರಿಪೇರಿ ಬಗ್ಗೆ ಬರೆಯೋರು ತುಂಬ ಜನ ಇದ್ದೀರಿ, ಅದೇ ಧೈರ್ಯದ ಮೇಲೆ ಕೇಳ್ತಿದ್ದೀನಿ. ನಾವಿರೋದು ಜರ್ಮನಿಯ ಆಗ್ಸ್‌ಬುರ್ಗ್‌ನಲ್ಲಿ. ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷ ಶಾಲೆಯಿಂದ ಹಳೇ ಸಂಗೀತದ ಕಛೇರಿಗೆ ಹೋಗಿ ಬಂದವಳು ಲ್ಯೂಟ್ (ಉಬ್ಬಿದ ಹೊಟ್ಟೆಯ, ಬೆರಳಲ್ಲಿ ಮೀಟುವ ಯೂರೋಪಿನ ಹಳೇ ತಂತಿವಾದ್ಯ) ಕಲೀಬೇಕು ಅಂತ ಹಟ ಹಿಡಿದಳು. ಎರಡು ತಿಂಗಳಲ್ಲಿ ಮರೀತಾಳೆ ಅಂದುಕೊಂಡೆ. ಮರೀಲಿಲ್ಲ. ಮೇಷ್ಟ್ರೂ ಸಿಕ್ಕಿದ್ದಾರೆ, ಪಾಠವೂ ಶುರುವಾಗಿದೆ.

ತೊಂದರೆ ಏನಂದ್ರೆ ಮೇಷ್ಟ್ರ ಲ್ಯೂಟಿನ ತಂತಿ ಉದ್ದ 60 ಸೆಂ.ಮೀ. ಇವಳ ಬೆರಳು ಎಟುಕಲ್ಲ. ಈಗ ಎರಡು ದಾರಿ ಇದೆ. ಒಂದು, ಆನ್‌ಲೈನ್ ಅಂಗಡಿಯಲ್ಲಿ 450 ಯೂರೊಗೆ ಎಂಟು ಜೋಡಿ ತಂತಿಯ "ರೆನೆಸಾನ್ಸ್ ಲ್ಯೂಟ್" (ನಾನೂರು ಐನೂರು ವರ್ಷ ಹಿಂದಿನ ಥರದ್ದು), ನಾಳೆನೇ ಮನೆಗೆ ಬರುತ್ತೆ. ಇನ್ನೊಂದು, ಕೈಯಲ್ಲೇ ಮಾಡುವ ಒಬ್ಬರು 44 ಸೆಂ.ಮೀ. ತಂತಿಯ ಚಿಕ್ಕ ಲ್ಯೂಟ್ ಮಾಡಿಕೊಡ್ತಾರಂತೆ. ಹಿಂದೆ ಲ್ಯೂಟ್ ಮಾಡ್ತಿದ್ದ ತೀಫೆನ್‌ಬ್ರುಕರ್ ಮನೆತನದ ಹಳೇ ವಾದ್ಯವೊಂದರ ಪ್ರತಿಕೃತಿ, ಅಸಲಿ ನಾದ ಬರುತ್ತಂತೆ, ಆರು ಜೋಡಿ ತಂತಿ. ಬೆಲೆ 2,600 ಯೂರೊ, ಕಾಯೋದು ಹದಿನಾಲ್ಕು ತಿಂಗಳು.

ನಮ್ಮ ಯಜಮಾನರ ಪ್ರಶ್ನೆ: "ಸೈಜು ಚಿಕ್ಕದಾದ್ರೆ ರೇಟೂ ಚಿಕ್ಕದಾಗಬೇಕಲ್ವಾ?" ಉತ್ತರ ನನಗೂ ಗೊತ್ತಿಲ್ಲ. ನಾನು ಚಿಕ್ಕವಳಿದ್ದಾಗ ಮೈಸೂರಲ್ಲಿ ನಾಲ್ಕು ವರ್ಷ ವೀಣೆ ಕಲಿತವಳು, ಅಷ್ಟೇ ನನ್ನ ವಿದ್ಯೆ.

ಸುಮ್ನೆ_ಓದೋನು

ಯುಕುಲೇಲೆ ಕೊಡಿಸಿ. 60 ಯೂರೊ. ಮುಗೀತು.

ಬಿರಡೆ ಭಟ್ಟ

ಮಾರಾಯ್ರೆ, ಮಗು ವೀಣೆ ಕೇಳಿದ್ರೆ ಬುಲ್‌ಬುಲ್ ತರಂಗ್ ಕೊಡಿಸುವ ಜಾತಿ ನೀವು.

ಅಮ್ಮನವರೇ, ಬೇರೆ ಎಲ್ಲ ಬದಿಗಿರಲಿ, ತಂತಿ ಬಿಗಿಸುವ ಬಿರಡೆ ಎಷ್ಟು ಅಂತ ಮೊದಲು ಲೆಕ್ಕ ಹಾಕಿ. ಎಂಟು ಜೋಡಿ ಅಂದರೆ ಹದಿನೈದು ತಂತಿ, ಯಾಕಂದ್ರೆ ಮೇಲಿನದು ಸಾಮಾನ್ಯವಾಗಿ ಒಂಟಿ. ಹದಿನೈದು ಮರದ ಬಿರಡೆ, ಒಂಬತ್ತು ವರ್ಷದ ಕೈ. ಶ್ರುತಿ ಮಾಡುವಷ್ಟರಲ್ಲಿ ಊಟದ ಹೊತ್ತಾಗ್ತದೆ. ಹ್ಯಾಂಬರ್ಗಿನ ಮ್ಯಾಟೆಸನ್ ಅನ್ನುವ ಸಂಗೀತ ಪಂಡಿತ 1713ರಲ್ಲೇ ಲೇವಡಿ ಮಾಡಿದ್ದುಂಟು: ಎಂಬತ್ತು ವರ್ಷ ಬದುಕಿದ ಲ್ಯೂಟ್ ವಾದಕ ಅರವತ್ತು ವರ್ಷ ಶ್ರುತಿ ಮಾಡುವುದರಲ್ಲೇ ಕಳೆದಿರ್ತಾನೆ ಅಂತ. ಆರು ಜೋಡಿಯದ್ದೇ ಒಳ್ಳೇದು, ಹನ್ನೊಂದು ಬಿರಡೆಗೆ ಮುಗೀತದೆ.

ಮರಗೆಲಸಿ

ನಾನು ಇಂಗ್ಲೆಂಡಿನಲ್ಲಿ ಇದ್ದೀನಿ, ರಜೆ ದಿನಗಳಲ್ಲಿ ಲ್ಯೂಟ್ ಮಾಡ್ತೀನಿ. ಇದುವರೆಗೆ ಮುಗಿಸಿರೋದು ಐದು, ಅದರಲ್ಲಿ ಎರಡು ಮಾತ್ರ ಬೇರೆಯವರಿಗೆ ತೋರಿಸೋ ಹಾಗಿವೆ. ಯಜಮಾನರ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ.

ಲ್ಯೂಟಿನ ಹೊಟ್ಟೆ ಒಂದೇ ದಿಮ್ಮಿಯಲ್ಲಿ ಕೊರೆದಿದ್ದಲ್ಲ. ಒಂದೂಕಾಲು, ಒಂದೂವರೆ ಮಿ.ಮೀ. ದಪ್ಪದ ಮರದ ಪಟ್ಟಿಗಳನ್ನ ಬಿಸಿ ಕಬ್ಬಿಣದ ಮೇಲೆ ಬಗ್ಗಿಸಿ, ಅಚ್ಚಿನ ಮೇಲೆ ಒಂದರ ಪಕ್ಕ ಒಂದು ಕೂರಿಸಿ, ಅಂಚಿಗೆ ಅಂಚು ಮರವಜ್ರ ಹಾಕಿ ಅಂಟಿಸೋದು. ಮರವಜ್ರ ಅಂದ್ರೆ ಫೆವಿಕಾಲ್ ಅಲ್ಲ, ತೊಗಲು ಬೇಯಿಸಿ ಮಾಡೋ ಹಳೇ ಕಾಲದ ಅಂಟು. ಬಿಸಿ ನೀರು ತಾಗಿಸಿದ್ರೆ ಬಿಡುತ್ತೆ, ಹಾಗಾಗಿ ಮುಂದೆ ರಿಪೇರಿ ಮಾಡಬಹುದು. ಒಳಗಡೆ ಪ್ರತಿ ಸಂದಿಗೂ ಕಾಗದದ ಪಟ್ಟಿ. ದೊಡ್ಡ ಲ್ಯೂಟಿಗೆ ಹನ್ನೊಂದು ಪಟ್ಟಿ ಆದರೆ ಚಿಕ್ಕದಕ್ಕೂ ಹನ್ನೊಂದೇ. ಬಿರಡೆ ಅಷ್ಟೇ, ಒಳಗಿನ ಅಡ್ಡಪಟ್ಟಿ ಅಷ್ಟೇ. ಮುಂದಿನ ಹಲಗೆಯಲ್ಲಿ ಹೂವಿನ ಜಾಲಂದ್ರ ಇರುತ್ತಲ್ಲ, ಅದನ್ನ ಬೇರೆ ಮಾಡಿ ಅಂಟಿಸಲ್ಲ. ಅದೇ ಸ್ಪ್ರೂಸ್ ಹಲಗೆಯಲ್ಲೇ ಚಿಕ್ಕ ಚಾಕು ಹಿಡಿದು ಕೊರೀತಾರೆ. ಚಿಕ್ಕ ವಾದ್ಯದಲ್ಲಿ ಆ ಎಳೆಗಳು ಇನ್ನೂ ಸಣ್ಣ. ನನ್ನ ಎರಡನೇ ಲ್ಯೂಟಿನಲ್ಲಿ ಜಾಲಂದ್ರದ ಕೊನೇ ಎಳೆ ಕತ್ತರಿಸುವಾಗ ಸೀನು ಬಂತು. ಆ ಹಲಗೆ ಈಗ ಅಡುಗೆಮನೇಲಿ ಬಿಸಿ ಪಾತ್ರೆ ಇಡೋಕೆ ಉಪಯೋಗ ಆಗ್ತಿದೆ.

ಕೆಲಸ ಅಷ್ಟೇ, ತಪ್ಪಿಗೆ ಜಾಗ ಮಾತ್ರ ಕಡಿಮೆ. ಮರ ಸ್ವಲ್ಪ ಉಳಿಯುತ್ತೆ, ಅದರಲ್ಲೇನು ಮಹಾ ದುಡ್ಡು ಉಳಿಯಲ್ಲ.

ಧಾರವಾಡ_ಪೇಡೆ

ಅದೆಲ್ಲಾ ಖರೆ ರೀ, ಆದ್ರ ಒಂದ್ ಮಾತು. ಹುಡುಗಿ ಆರು ತಿಂಗಳಿಗೆ ಬ್ಯಾಸರ ಮಾಡ್ಕೊಂಡ್ರ 2,600 ಯೂರೊ ಗ್ವಾಡಿಗೆ ತೂಗ್ಹಾಕಬೇಕೇನು? ನಾ ಸಿತಾರ ಕಲತದ್ದು 900 ರೂಪಾಯಿ ಹಳೇ ಸಿತಾರದ ಮ್ಯಾಲ. ಕೈ ಕೂಡೂತನಕ ಅಗ್ಗದ್ದ ಇರ್ಲಿ, ಆಮ್ಯಾಲೆ ನೋಡೂಣು.

ಮಂದ್ರಸ್ಥಾಯಿ

ಸಿತಾರಿಗೆ ಆ ಮಾತು ಸರಿ ಇರಬಹುದು. 900 ರೂಪಾಯಿಯ ಹಳೆಯ ಸಿತಾರನ್ನೂ ಯಾರೋ ಕೆಲಸ ಬಲ್ಲವರೇ ಮಾಡಿರುತ್ತಾರೆ. ಅಗ್ಗದ ಕಾರ್ಖಾನೆ ಲ್ಯೂಟ್ ಮಾಡುವವರಿಗೆ ಅದನ್ನು ನುಡಿಸಿ ಗೊತ್ತಿರುವುದಿಲ್ಲ. ನಾನೇ ಬಲಿಪಶು. ಬಾಸೆಲ್‌ಗೆ ಬಂದ ಹೊಸದರಲ್ಲಿ ಅಂಥದ್ದೊಂದು ತಗೊಂಡೆ. ಹಲಗೆ ಗಿಟಾರಿನಷ್ಟು ದಪ್ಪ, ಎತ್ತಿದರೆ ಕುಂಬಳಕಾಯಿ ಹೊತ್ತ ಹಾಗೆ. ತಂತಿಗಳ ನಡುವೆ ಅಂತರ ಒಂದೊಂದು ಕಡೆ ಒಂದೊಂದು ಥರ. ಬಿರಡೆ ಒಂದೋ ಅಲ್ಲಾಡುವುದಿಲ್ಲ, ಇಲ್ಲವೇ ನಿಲ್ಲುವುದಿಲ್ಲ. ಮೂರು ತಿಂಗಳು ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಗೆಳತಿಯ ಲ್ಯೂಟ್ ಎತ್ತಿಕೊಂಡೆ. ಎತ್ತಿದ್ದೇ ತಿಳಿಯಲಿಲ್ಲ, ಒಂದು ಕಿಲೋ ಕೂಡ ಇರಲಿಲ್ಲ. ಬೆರಳು ತಾಗಿದರೆ ಸಾಕು, ಮಾತಾಡುತ್ತಿತ್ತು.

ಮಗುವಿಗೆ ಬೇಸರ ಬರಬಾರದು ಅಂತಿದ್ದರೆ ಆ 450ರದ್ದು ಮಾತ್ರ ಬೇಡ.

ತಂತಿಲೆಕ್ಕ

44 ಸೆಂ.ಮೀ.ಗೆ ಶ್ರುತಿ ಯಾವುದು ಅಂತ ಕೇಳಿದ್ದೀರಾ? ಅದು ಗೊತ್ತಾಗದೆ ಈ ಚರ್ಚೆ ಮುಂದೆ ಹೋಗಲ್ಲ.

ಆಗ್ಸ್‌ಬುರ್ಗಿನ ಅಮ್ಮ

ಮೇಲಿನ ತಂತಿ ಡಿ ಅಥವಾ ಸಿ ಸ್ವರ ಅಂದರು. ಮೇಷ್ಟ್ರದ್ದು ಜಿ. ಡಿ ಗೆ ಏರಿಸಿದರೆ ತಂತಿ ಹರಿಯಲ್ವಾ? ದಪ್ಪ ತಂತಿ ಹಾಕಿಸಿದರೆ ಆಗುತ್ತಾ?

ಧಾರವಾಡ_ಪೇಡೆ

ದಪ್ಪ ಹಾಕ್ರಿ, ಹರಿಯಂಗಿಲ್ಲ.

ತಂತಿಲೆಕ್ಕ

ಹರಿಯುತ್ತೆ. ಈ ತಪ್ಪು ಎಲ್ಲರೂ ಮಾಡ್ತಾರೆ. ದಪ್ಪ ತಂತಿ ಹೆಚ್ಚು ಎಳೆತ ತಡೆಯುತ್ತೆ ಅನ್ನೋದು ನಿಜ. ಆದರೆ ದಪ್ಪ ಆದಷ್ಟೂ ತೂಕ, ತೂಕ ಆದಷ್ಟೂ ಅದೇ ಸ್ವರಕ್ಕೆ ತರೋಕೆ ಹೆಚ್ಚು ಎಳೀಬೇಕು. ಎರಡೂ ಒಂದೇ ಲೆಕ್ಕದಲ್ಲಿ ಏರುತ್ತವೆ, ಕೊನೆಗೆ ವಜಾ ಆಗ್ತವೆ. ತಂತಿ ಯಾವ ಸ್ವರದಲ್ಲಿ ಹರಿಯುತ್ತೆ ಅನ್ನೋದು ಉದ್ದದ ಮೇಲೆ, ಯಾವ ವಸ್ತು ಅನ್ನೋದರ ಮೇಲೆ. ದಪ್ಪದ ಮೇಲಲ್ಲ.

ಕರುಳಿನ ತಂತಿಗೆ ಒಂದು ಒರಟು ಲೆಕ್ಕ ಇದೆ. ಕಂಪನ ಸಂಖ್ಯೆಯನ್ನ ಮೀಟರ್‌ನಲ್ಲಿ ಉದ್ದದಿಂದ ಗುಣಿಸಿ. 240ರ ಒಳಗಿದ್ದರೆ ನಿದ್ದೆ ಬರುತ್ತೆ, 260ರ ಹತ್ತಿರ ಹೋದರೆ ಹರಿಯೋದು ಯಾವಾಗ ಅಂತ ಕಾಯ್ತಾ ಕೂರಬೇಕು. ಮೇಷ್ಟ್ರ ಜಿ 392, 0.60ರಿಂದ ಗುಣಿಸಿದರೆ 235. ನೋಡಿ, ಅಂಚಿಗೆ ಸ್ವಲ್ಪ ಕೆಳಗೆ. ತಂತಿ ಹರಿಯುವ ಒಂದು ಗೇಣು ಮೊದಲು ನಿಲ್ಲಿಸಿದಾಗಲೇ ನಾದ ಚೆನ್ನ ಅನ್ನೋದು ಆ ಕಾಲದವರಿಗೆ ಕಿವಿಯಿಂದಲೇ ಗೊತ್ತಿತ್ತು. ಈಗ 44 ಸೆಂ.ಮೀ.: ಡಿ 587, ಗುಣಿಸಿದರೆ 258. ಕರುಳಿಗೆ ಕಷ್ಟ. ಸಿ 523, ಗುಣಿಸಿದರೆ 230. ಸಿ ಇಟ್ಟುಕೊಳ್ಳಿ.

ಅಂದರೆ ಚಿಕ್ಕ ಲ್ಯೂಟ್ ಅನ್ನೋದು ದೊಡ್ಡದನ್ನ ಜೆರಾಕ್ಸ್ ಯಂತ್ರದಲ್ಲಿ ಕುಗ್ಗಿಸಿದ್ದಲ್ಲ. ಶ್ರುತಿ ಏರಿದ ಹಾಗೆ ಮೈ ಚಿಕ್ಕದಾಯ್ತು.

ಮಂದ್ರಸ್ಥಾಯಿ

ತಂತಿಲೆಕ್ಕ ಅವರು ಹೇಳಿದ್ದು ಸರಿ. ಇದು ಮಕ್ಕಳಿಗೆ ಅಂತ ಹುಟ್ಟಿದ ಸೈಜೂ ಅಲ್ಲ. 1619ರಲ್ಲಿ ಜರ್ಮನಿಯ ಸಂಗೀತಗಾರ ಪ್ರಿಟೋರಿಯಸ್ ಲ್ಯೂಟಿನ ಏಳು ಅಳತೆ ಪಟ್ಟಿ ಮಾಡಿದ್ದಾನೆ, ಪುಟ್ಟ ಆಕ್ಟೇವ್ ಲ್ಯೂಟಿನಿಂದ ದೊಡ್ಡ ಆಕ್ಟೇವ್ ಬಾಸ್ ತನಕ. ದೊಡ್ಡವರೇ ಚಿಕ್ಕದನ್ನು ನುಡಿಸುತ್ತಿದ್ದರು, ಮೇಳದಲ್ಲಿ ಮೇಲಿನ ಎಳೆ ಎತ್ತಿಕೊಳ್ಳಲು. ಆಂಸ್ಟರ್‌ಡ್ಯಾಮಿನ ನಿಕೋಲಾ ವಾಲೆ 1616ರಲ್ಲಿ ಬೇರೆ ಬೇರೆ ಸೈಜಿನ ನಾಲ್ಕು ಲ್ಯೂಟುಗಳಿಗೆಂದೇ ಕೃತಿಗಳನ್ನು ಅಚ್ಚು ಹಾಕಿಸಿದ್ದಾನೆ.

ಇನ್ನೊಂದು ಅನುಕೂಲ: ಲ್ಯೂಟಿಗೆ ಬರೆಯುವುದು ಸ್ವರ ಅಲ್ಲ, ಯಾವ ತಂತಿ, ಯಾವ ಮೆಟ್ಟಿಲು (ದಂಡಿಯ ಮೇಲೆ ಬೆರಳು ಒತ್ತುವ ಜಾಗದ ಅಡ್ಡಪಟ್ಟಿ) ಅಂತ. ಫ್ರಾನ್ಸಿನವರು ಅಕ್ಷರದಲ್ಲಿ, ಇಟಲಿಯವರು ಅಂಕಿಯಲ್ಲಿ. ವೆನಿಸ್‌ನಲ್ಲಿ ಪೆಟ್ರುಚ್ಚಿ 1507ರಲ್ಲಿ ಮೊದಲ ಲ್ಯೂಟ್ ಪುಸ್ತಕ ಅಚ್ಚು ಮಾಡಿದ್ದೂ ಅಂಕಿಯಲ್ಲೇ. ಹಾಗಾಗಿ ಮಗಳು ಮೇಷ್ಟ್ರ ಪುಸ್ತಕವನ್ನೇ ಇಟ್ಟುಕೊಂಡು ಅದೇ ಬೆರಳು ಹಾಕಬಹುದು. ಕೇಳುವಾಗ ಶ್ರುತಿ ಏರಿರುತ್ತದೆ, ಅಷ್ಟೇ. ಮೇಷ್ಟ್ರ ಜೊತೆ ಕೂತು ಒಟ್ಟಿಗೆ ನುಡಿಸುವಾಗ ಮಾತ್ರ ತಲೆನೋವು.

ಶಾಕಾಹಾರಿ_ಶಂಕ್ರ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. "ಕರುಳಿನ ತಂತಿ" ಅಂದ್ರೆ ನಿಜವಾಗಲೂ ಕರುಳಾ?

ಬಿರಡೆ ಭಟ್ಟ

ಕುರಿಯದ್ದು. ನಿಮ್ಮ ಮನೆ ಮೃದಂಗಕ್ಕೆ ಏನು ಬಾಳೆ ಎಲೆ ಹೊದಿಸಿದ್ದೋ?

ಶಾಕಾಹಾರಿ_ಶಂಕ್ರ

ಆ ಮಾತು ಎತ್ತಬೇಡಿ ಭಟ್ರೇ, ಅಜ್ಜಿ ಇನ್ನೂ ಅದನ್ನ ಮರ ಅಂತಲೇ ನಂಬಿದ್ದಾರೆ.

ಮರಗೆಲಸಿ

ಕರುಳೇ ಆಗಬೇಕು ಅಂತ ಇಲ್ಲ. ನೈಲಾನ್ ಇದೆ, ಕರುಳಿನ ಗುಣ ಬರಲಿ ಅಂತ ಇಟಲಿಯವರು ಮಾಡಿದ ನೈಲ್‌ಗಟ್ ಇದೆ. ಕಲಿಯೋ ಮಗುವಿಗೆ ನಾನಾದ್ರೆ ಅದನ್ನೇ ಕಟ್ತೀನಿ, ಹವೆ ಬದಲಾದಾಗ ಅಷ್ಟು ಹಟ ಮಾಡಲ್ಲ. ಆದ್ರೆ ಮೆಟ್ಟಿಲು ಮಾತ್ರ ಕರುಳಿನದೇ ಇರಲಿ. ಲ್ಯೂಟಿನ ಮೆಟ್ಟಿಲು ಹಿತ್ತಾಳೆ ಅಲ್ಲ, ದಂಡಿಗೆ ಸುತ್ತಿ ಗಂಟು ಹಾಕಿದ ದಾರ. ಸರಿಸಬಹುದು. ನಮ್ಮಲ್ಲಿ ಮೇಣದ ಮೇಲೆ ಮೇಳ ಕಟ್ಟಿಸೋಕೆ ವೀಣೆ ಹೊತ್ತುಕೊಂಡು ಹೋಗ್ತೀವಲ್ಲ, ಇಲ್ಲಿ ಆ ಕೆಲಸಾನ ನುಡಿಸುವವರೇ ಕೂತಲ್ಲಿ ಮಾಡ್ಕೋತಾರೆ. ಎಲ್ಲಿ ಕಟ್ಟಬೇಕು ಅನ್ನೋದಕ್ಕೆ ಗೆಲಿಲಿಯೋ ಅಪ್ಪನ ಲೆಕ್ಕ ಇದೆ. ಅವರಪ್ಪ ವಿಂಚೆಂಜೊ ಲ್ಯೂಟ್ ವಾದಕ. ಉಳಿದ ತಂತಿಯ ಹದಿನೆಂಟನೇ ಒಂದು ಭಾಗಕ್ಕೆ ಒಂದೊಂದು ಮೆಟ್ಟಿಲು ಅಂದ.

ತಂತಿಲೆಕ್ಕ

ಅದೇ ಲೆಕ್ಕದಲ್ಲಿ ಮಗುವಿನ ಕೈ ನೋಡಿ. 60 ಸೆಂ.ಮೀ. ಲ್ಯೂಟಿನಲ್ಲಿ ಮೊದಲ ಮೆಟ್ಟಿಲು 3.3 ಸೆಂ.ಮೀ. ದೂರ. 44ರಲ್ಲಿ 2.4. ದೊಡ್ಡ ವ್ಯತ್ಯಾಸ.

ಇದರಲ್ಲೇ ಬಿಟ್ಟಿ ಉಪಾಯವೂ ಇದೆ. ಮೇಷ್ಟ್ರ ಲ್ಯೂಟಿನ ಮೂರನೇ ಮೆಟ್ಟಿಲಿಗೆ ಗಿಟಾರಿನ ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು, ಹಾಕಿ. ಉಳಿಯೋ ಉದ್ದ 50.5 ಸೆಂ.ಮೀ., ಮುಂದಿನ ಮೆಟ್ಟಿಲು 2.8 ದೂರ. ಹದಿನಾಲ್ಕು ತಿಂಗಳು ಹಾಗೇ ಕಳೀಬಹುದು.

ಆಗ್ಸ್‌ಬುರ್ಗಿನ ಅಮ್ಮ

ಇದು ನನಗೆ ಹೊಳೆದೇ ಇರಲಿಲ್ಲ! ನಾಳೆ ಪಾಠ ಇದೆ, ಮೇಷ್ಟ್ರನ್ನ ಕೇಳ್ತೀನಿ.

ಧಾರವಾಡ_ಪೇಡೆ

ನನಗೊಂದು ಅನುಮಾನ ಐತಿ. "ಪ್ರತಿಕೃತಿ, ಪ್ರತಿಕೃತಿ" ಅಂತೀರಲ್ಲ, ಯಾವುದರ ಪ್ರತಿಕೃತಿ? ನಾಕನೂರ ವರ್ಷದ ಹಿಂದಿನ ಲ್ಯೂಟ್ ಹೆಂಗ್ ನುಡೀತಿತ್ತು ಅಂತ ಕೇಳಿದವರ್ಯಾರು? ಅಳತಿ ತಗೊಂಡು ಮಾಡೂದು ಸರಿ. ಅದಕ್ಕ "ಅಸಲಿ ನಾದ" ಅಂತ ಹೆಸರಿಟ್ಟು ರೊಕ್ಕ ಕೀಳೂದು ಯಾವ ನ್ಯಾಯ?

ಮಂದ್ರಸ್ಥಾಯಿ

ಒಳ್ಳೆಯ ಪ್ರಶ್ನೆ, ಕೇಳಿದ ಧಾಟಿ ಸ್ವಲ್ಪ ಖಾರ.

ಉಳಿದಿರುವ ರೆನೆಸಾನ್ಸ್ ಲ್ಯೂಟುಗಳೇ ಕಡಿಮೆ, ಉಳಿದವೂ ಮೊದಲಿನಂತಿಲ್ಲ. ಇಟಲಿಯ ಬೊಲೊನ್ಯಾದಲ್ಲಿ ಲೌಕ್ಸ್ ಮಾಲರ್ ಅಂತ ಲ್ಯೂಟ್ ಮಾಡುವವನಿದ್ದ, ಜರ್ಮನಿಯಿಂದ ಹೋದವನು. 1552ರಲ್ಲಿ ಅವನು ಸತ್ತಾಗ ಅಂಗಡಿಯಲ್ಲಿ ಸಾವಿರಕ್ಕೂ ಹೆಚ್ಚು ಲ್ಯೂಟ್ ಇದ್ದವು, ಲೆಕ್ಕಪಟ್ಟಿ ಇದೆ. ಈಗ ಸಿಗುವುದು ಬೆರಳೆಣಿಕೆ. ಅವನ್ನೂ ಮುಂದಿನ ಶತಮಾನಗಳವರು ಹೊಟ್ಟೆಯನ್ನಷ್ಟೇ ಉಳಿಸಿಕೊಂಡು, ಹೊಸ ದಂಡಿ ಜೋಡಿಸಿ, ಹತ್ತು, ಹನ್ನೊಂದು, ಹದಿಮೂರು ಜೋಡಿ ತಂತಿಗೆ ಬದಲಾಯಿಸಿದರು. ಹಳೆಯ ಮನೆಯ ಕಂಬ ಉಳಿಸಿಕೊಂಡು ಮೇಲೆ ಆರ್‌ಸಿಸಿ ಹಾಕಿದ ಹಾಗೆ.

ಕೈ ತಾಗದೆ ಉಳಿದವುಗಳಲ್ಲಿ ಹೆಸರಾದದ್ದು ಇನ್ಸ್‌ಬ್ರುಕ್‌ನ ಗೆಯೋರ್ಗ್ ಗೆರ್ಲೆ ಸುಮಾರು 1580ರಲ್ಲಿ ಮಾಡಿದ ಆರು ಜೋಡಿಯ ಲ್ಯೂಟ್, ಈಗ ವಿಯೆನ್ನಾ ಮ್ಯೂಸಿಯಂನಲ್ಲಿದೆ. ಜಗತ್ತಿನಲ್ಲಿ ಹೆಚ್ಚು ನಕಲಾಗಿರುವ ಲ್ಯೂಟುಗಳಲ್ಲಿ ಅದೂ ಒಂದು. ಅದರ ಹೊಟ್ಟೆ ಪೂರ್ತಿ ದಂತದ್ದು. ಯಾಕೆ ಉಳಿಯಿತು? ಅರಮನೆಯ ಸಂಗ್ರಹಕ್ಕೆ ಸೇರಿ ಬೀರುವಿನಲ್ಲಿ ಕೂತಿತು, ಅದಕ್ಕೆ. ಮೇಪಲ್, ಯೂ ಮರದಲ್ಲಿ ಮಾಡಿ ದಿನಾ ನುಡಿಸುತ್ತಿದ್ದ ಸಾದಾ ಲ್ಯೂಟುಗಳು ಸವೆದು ಹೋದವು. ಅಂದರೆ ನಾವು ನಕಲು ಮಾಡುತ್ತಿರುವುದು ಬಹುಶಃ ನುಡಿಸದೇ ಇಟ್ಟ ವಾದ್ಯಗಳನ್ನೇ. ಇಷ್ಟರಮಟ್ಟಿಗೆ ನಿಮ್ಮ ಅನುಮಾನ ಸರಿ.

ಮರಗೆಲಸಿ

ಇಷ್ಟಕ್ಕೆ ನಿಲ್ಲಿಸಿದರೆ ಪೇಡೆಯವರು ಗೆದ್ದ ಹಾಗಾಗುತ್ತೆ, ಹಾಗಾಗಿ ಇನ್ನೊಂದು ಮಗ್ಗುಲು.

ಆರ್ನಲ್ಡ್ ಡೋಲ್ಮೆಚ್ 1893ರಲ್ಲಿ ಈ ಕಾಲದ ಮೊದಲ ಲ್ಯೂಟ್ ಮಾಡಿದರು. ಆಮೇಲೆ ಸುಮಾರು ಎಪ್ಪತ್ತು ವರ್ಷ ಮಾಡಿದವರಲ್ಲಿ ಹೆಚ್ಚಿನವರು ಗಿಟಾರ್ ಲೆಕ್ಕದಲ್ಲೇ ಮಾಡಿದರು: ದಪ್ಪ ಹಲಗೆ, ಲೋಹದ ಮೆಟ್ಟಿಲು, ಗಿಟಾರ್ ಥರ ಎಳೆತ. ಆಕಾರ ಮಾತ್ರ ಲ್ಯೂಟಿನದು. ಹಳೇ ವಾದ್ಯಗಳನ್ನ ಮ್ಯೂಸಿಯಂನಲ್ಲಿ ಬಿಚ್ಚಿದಾಗ, ಕನ್ನಡಿ ಹಾಕಿ ಒಳಗೆ ನೋಡಿದಾಗ ಗೊತ್ತಾಯ್ತು, ಹಲಗೆ ಎಷ್ಟು ತೆಳು, ಅಡ್ಡಪಟ್ಟಿ ಎಲ್ಲೆಲ್ಲಿ ಅಂತ. ಅಮೆರಿಕದ ರಾಬರ್ಟ್ ಲುಂಡ್‌ಬರ್ಗ್ ಮ್ಯೂಸಿಯಂ ಮ್ಯೂಸಿಯಂ ಅಲೆದು ಅಳತೆ ತೆಗೆದವರು. ಆ ಅಳತೆಗೆ ತೆಳುವಾಗಿ ಮಾಡಿದ ಮೇಲೆ ವಾದ್ಯ ತಾನೇ ಹೇಳಿಕೊಟ್ಟಿತು: ಉಗುರು ಬೇಡ, ಜೋರು ಬೇಡ, ಬೆರಳಿನ ತಿರುಳಲ್ಲಿ ಮೀಟು. "ಅಸಲಿ ನಾದ" ಅನ್ನೋ ಮಾತು ನನಗೂ ಇಷ್ಟ ಇಲ್ಲ. ಆದ್ರೆ ಅಳತೆಗೆ ಮಾಡಿದ್ದನ್ನೂ ಆಕಾರಕ್ಕೆ ಮಾಡಿದ್ದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಧಾರವಾಡ_ಪೇಡೆ

ಹಾಂ, ಇದು ಮಾತು. ಅಳತಿಗೆ ನಾ ತಕರಾರ ಮಾಡಂಗಿಲ್ಲ.

ಬೀಟೆ_ಬೆಂಚು

ಗೆಳೆಯರೇ, ಯೂರೋಪಿನ ಲ್ಯೂಟ್ ಮಾಡೋರು ನಮ್ಮ ಬೀಟೆ ಮರ ತರಿಸ್ತಾರೆ ಅಂತ ಕೇಳಿದ್ದೆ, ಹೌದಾ? ನಮ್ಮ ಅಜ್ಜನ ಕಾಲದ ಬೀಟೆ ಮಂಚ ಒಂದಿದೆ, ಅದನ್ನೇ ಕೊಟ್ಟು ಲ್ಯೂಟ್ ಮಾಡಿಸಬಹುದಾ?

ಮರಗೆಲಸಿ

ಹೌದು, ಬೀಟೆ ಬಳಸ್ತಾರೆ, ಚೆನ್ನಾಗಿ ಬಗ್ಗುತ್ತೆ. ಆದ್ರೆ ಹೊರಗೆ ಕಳಿಸೋದು ಸುಲಭ ಅಲ್ಲ. 2017ರಿಂದ ಬೀಟೆ ಜಾತಿಯ ಮರಗಳೆಲ್ಲ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ) ಒಪ್ಪಂದದ ಪಟ್ಟಿಯಲ್ಲಿವೆ. ತಯಾರಾದ ವಾದ್ಯಗಳಿಗೆ 2019ರ ಕೊನೇಲಿ ವಿನಾಯಿತಿ ಸಿಕ್ತು, ಕಚ್ಚಾ ಮರಕ್ಕೆ ಕಾಗದಪತ್ರ ಬೇಕೇ ಬೇಕು. ದಂತ ಅಂತೂ ಕೇಳಲೇಬೇಡಿ, ಗೆರ್ಲೆಯ ನಕಲನ್ನ ಈಗ ಬಿಳೀ ಮರದಲ್ಲಿ ಮಾಡ್ತಾರೆ. ಮಗುವಿನ ಲ್ಯೂಟಿಗೆ ಮೇಪಲ್ ಸಾಕು. ಹಳೆಯವರ ಪ್ರೀತಿಯ ಮರ ಯೂ, ಆದ್ರೆ ಅದರ ಪುಡಿ ವಿಷ. ಮಾಸ್ಕ್ ಇಲ್ಲದೆ ಉಜ್ಜಿ ನಾನು ಎರಡು ದಿನ ಮಲಗಿದ್ದೆ.

ಮಂಚ ಮಂಚವಾಗೇ ಇರಲಿ.

ಬಿರಡೆ ಭಟ್ಟ

ಮಂಚ ಅಂದಕೂಡಲೇ ನೆನಪಾಯ್ತು. ಇಂಗ್ಲೆಂಡಿನ ಥಾಮಸ್ ಮೇಸ್ ಅನ್ನುವವನು 1676ರಲ್ಲಿ ಹೇಳಿದ್ದು: ಲ್ಯೂಟನ್ನು ಹಗಲು ಹೊತ್ತು ಹಾಸಿಗೆಯಲ್ಲಿ, ಹೊದಿಕೆಗಳ ನಡುವೆ ಇಡಬೇಕು, ದಿನಾ ಮಲಗುವ ಹಾಸಿಗೆಯೇ ಆಗಬೇಕು. ತೇವದಿಂದ ಕಾಪಾಡಲಿಕ್ಕೆ. ಯಾರೂ ಮೇಲೆ ಕೂತುಕೊಳ್ಳದ ಹಾಗೆ ನೋಡಿಕೊಳ್ಳಿ ಅಂತ ಎಚ್ಚರಿಕೆಯೂ ಉಂಟು. ಅಂದರೆ ಯಾರೋ ಕೂತಿದ್ದಾರೆ!

ಆಗ್ಸ್‌ಬುರ್ಗಿನ ಅಮ್ಮ

ನಮ್ಮಲ್ಲಿ ಉಲ್ಟಾ, ಚಳಿಗಾಲದಲ್ಲಿ ಹೀಟರ್ ಹಾಕಿ ಮನೆ ಒಣಗಿ ಹಪ್ಪಳ ಆಗುತ್ತೆ. ನನ್ನ ವೀಣೆಯ ಮೇಣ ಬಿರುಕು ಬಿಟ್ಟಿದ್ದೂ ಹಾಗೇ.

ನಿರ್ವಾಹಕ

ಮೃದಂಗದ ಚರ್ಮದ ಬಗ್ಗೆ ಬಂದ ಹನ್ನೆರಡು ಉತ್ತರಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ. ಅಜ್ಜಿಯಂದಿರನ್ನು ದಯವಿಟ್ಟು ಬಿಟ್ಟುಬಿಡಿ.

ಮಂದ್ರಸ್ಥಾಯಿ

ಆಗ್ಸ್‌ಬುರ್ಗ್ ಅಂದಿರಿ ಅಲ್ಲವೇ? ನೂರು ಕಿ.ಮೀ. ದಕ್ಷಿಣಕ್ಕೆ ಫ್ಯೂಸೆನ್ ಇದೆ. ಎಲ್ಲರೂ ಅರಮನೆ ನೋಡಲು ಹೋಗುತ್ತಾರೆ, ನೀವು ಊರೊಳಗೆ ಹೋಗಿ. ಲ್ಯೂಟ್ ಮಾಡುವವರ ಸಂಘ 1562ರಲ್ಲಿ ಅಲ್ಲೇ ಕಟ್ಟಿದ್ದು. ಸುತ್ತ ಆಲ್ಪ್ಸ್ ಕಾಡು, ಸ್ಪ್ರೂಸ್, ಯೂ, ಮೇಪಲ್; ಪಕ್ಕದಲ್ಲೇ ಇಟಲಿಗೆ ಹೋಗುವ ವ್ಯಾಪಾರದ ದಾರಿ. ಇಷ್ಟೇ ಜನ ಯಜಮಾನರು ಅಂಗಡಿ ಇಡಬಹುದು ಅಂತ ಸಂಘ ಕಟ್ಟುನಿಟ್ಟು ಮಾಡಿದ್ದರಿಂದ ಉಳಿದ ಹುಡುಗರು ಬೆಟ್ಟ ಇಳಿದು ವೆನಿಸ್, ಪಾದುವಾ ಸೇರಿದರು. ನಿಮಗೆ ಮಾಡಿಕೊಡುವ ಲ್ಯೂಟಿನ ತೀಫೆನ್‌ಬ್ರುಕರ್ ಮನೆತನದವರೂ ಆ ಕಡೆಯವರೇ. ಸೇಂಟ್ ಮಾಂಗ್ ಮಠದ ಮ್ಯೂಸಿಯಂನಲ್ಲಿ ಹಳೆಯ ಲ್ಯೂಟು, ಪಿಟೀಲು ಇಟ್ಟಿದ್ದಾರೆ. ಮಗಳನ್ನು ಕರೆದುಕೊಂಡು ಹೋಗಿ.

ಏಕಾಂಡ

ಮೇಲೆ ಮರಗೆಲಸಿಯವರು "ಒಂದೇ ದಿಮ್ಮಿಯಲ್ಲಿ ಕೊರೆದಿದ್ದಲ್ಲ" ಅಂದರು. ನಮ್ಮ ಏಕಾಂಡ ವೀಣೆ ಹಲಸಿನ ಒಂದೇ ಮರದಲ್ಲಿ ಆಗುತ್ತದೆ. ಯೂರೋಪಿನಲ್ಲಿ ಹಾಗೆ ಮಾಡುತ್ತಲೇ ಇರಲಿಲ್ಲವೇ?

ಮರಗೆಲಸಿ

ಮಾಡ್ತಿದ್ರು, ಲ್ಯೂಟ್ ಅಲ್ಲ, ಅದರ ದಾಯಾದಿ ಗಿಟರ್ನ್ ಅನ್ನೋ ಪುಟ್ಟ ವಾದ್ಯ. ನ್ಯೂರೆಂಬರ್ಗಿನ ಹಾನ್ಸ್ ಓಟ್ ಸುಮಾರು 1450ರಲ್ಲಿ ಮಾಡಿದ್ದೊಂದು ಐಸೆನಾಕ್‌ನ ವಾರ್ಟ್‌ಬುರ್ಗ್ ಕೋಟೆಯಲ್ಲಿದೆ. ಲ್ಯೂಟ್ ಮಾತ್ರ ಅರಬ್ಬರ ಊದ್ ಅನ್ನೋ ವಾದ್ಯದಿಂದ ಬಂದಿದ್ದು, ಪಟ್ಟಿ ಜೋಡಿಸೋ ವಿದ್ಯೆ ಅದರ ಜೊತೆಗೇ ಬಂತು.

ಆಗ್ಸ್‌ಬುರ್ಗಿನ ಅಮ್ಮ

ಮೂರು ವಾರ ಆದಮೇಲೆ ಬರೀತಿದ್ದೀನಿ.

ಫ್ಯೂಸೆನ್‌ಗೆ ಹೋಗಿ ಬಂದ್ವಿ. ಮಗಳು ಗಾಜಿಗೆ ಮೂಗು ಒತ್ತಿ ನಿಂತವಳು ಅರ್ಧ ಗಂಟೆ ಜಾಲಂದ್ರಗಳನ್ನೇ ನೋಡಿದಳು. ಬರುವಾಗ ದಾರೀಲಿ ಮಾಡುವವರ ಮನೆಗೂ ಹೋದ್ವಿ. ಮುಗಿಯದೆ ಅರ್ಧಕ್ಕಿದ್ದ ಒಂದು ಲ್ಯೂಟಿನ ಹೊಟ್ಟೆ ಅವರು ನಮ್ಮ ಯಜಮಾನರ ಕೈಗೆ ಕೊಟ್ಟರು. ದೊನ್ನೆ ಹಿಡಿದ ಹಾಗೆ ಹಿಡಿದುಕೊಂಡು ನಿಂತರು, ಉಸಿರೂ ಬಿಡಲಿಲ್ಲ. ಆಮೇಲೆ ರೇಟಿನ ಮಾತು ಎತ್ತಲಿಲ್ಲ.

ಮುಂಗಡ ಕೊಟ್ಟು ಬಂದ್ವಿ. ಆರು ಜೋಡಿ, ಮೇಪಲ್, ಮೇಲಿನ ತಂತಿ ಸಿ. ಡಿ ಬೇಡ ಅಂತ ನಾನೇ ಲೆಕ್ಕ ಸಮೇತ ಹೇಳಿದೆ. ಅವರು ನಕ್ಕು ನಾನೂ ಅದನ್ನೇ ಹೇಳೋನಿದ್ದೆ ಅಂದರು. ಅಲ್ಲಿ ತನಕ ಕ್ಯಾಪೊ ಹಾಕಿದ ಮೇಷ್ಟ್ರ ಎರಡನೇ ಲ್ಯೂಟ್. ಹೊಟ್ಟೆ ದೊಡ್ಡದು, ಮಗಳ ಬಲಗೈ ಮೇಲಕ್ಕೆ ಹೋಗಿ ರೆಕ್ಕೆ ಎತ್ತಿದ ಕೋಳಿ ಥರ ಕಾಣ್ತಾಳೆ. ಬೆರಳು ಎಟುಕ್ತಿದೆ.

ಬಿರಡೆ ಮಾತ್ರ ಜಾರ್ತಿದೆ. ಏನು ಮಾಡ್ಲಿ?

ಬಿರಡೆ ಭಟ್ಟ

ಕೊನೆಗೂ ನನ್ನ ವಿಷಯಕ್ಕೆ ಬಂದಿರಿ. ಬಳಪ ಮತ್ತು ಒಣ ಸೋಪು. ಜಾರಿದರೆ ಬಳಪ, ಬಿಗಿಯಾದರೆ ಸೋಪು. ವೀಣೆಗೂ ಅದೇ ಮದ್ದು.

ಆಗ್ಸ್‌ಬುರ್ಗಿನ ಅಮ್ಮ

ಊರಿಂದ ತಂದ ಮೈಸೂರ್ ಸ್ಯಾಂಡಲ್ ಇದೆ. ನಡೆಯುತ್ತಾ?

ಮರಗೆಲಸಿ

ಸ್ನಾನದ ಮನೇಲಿ ನೆಂದಿದ್ದು ಬೇಡ, ಹೊಸದನ್ನ ಬಿಚ್ಚಿ. ಬಿರಡೆ ಘಮ್ ಅನ್ನುತ್ತೆ, ಮೇಷ್ಟ್ರು ಕೇಳಿದ್ರೆ ಚಂದನದ್ದು ಅಂತ ಹೇಳಿ.

ಸುಮ್ನೆ_ಓದೋನು

ಹಾಗಾದ್ರೆ ಯುಕುಲೇಲೆ ಬೇಡ್ವಾ?